ಕೋಳಿ ಕೂಗುವವರೆಗೂ ಸೋಮವಾರ

ರವೀಂದ್ರ ಹದಿನಾರು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಸಿಂಧಘಟ್ಟದಲ್ಲಿ ಒಬ್ಬರ ಮನೆಯ ಹಿತ್ತಲಿನಲ್ಲಿ ತೀರಿಕೊಂಡ. ಹೃದಯ ನಿಂತಿತು. ವಯಸ್ಸು ಐವತ್ತೆರಡು.

ಅವನನ್ನು ಕೃಷ್ಣರಾಜಪೇಟೆಯ ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದಾಗ ಹತ್ತು ಗಂಟೆ. ಅವನ ಫೋನು ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ಹತ್ತೂಕಾಲಿಗೆ ಅದು ಬಡಿದುಕೊಂಡಿತು. ಹತ್ತೂವರೆಗೆ ಇನ್ನೊಂದು ರಾಗದಲ್ಲಿ ಬಡಿದುಕೊಂಡಿತು. ಅಳುತ್ತಿದ್ದ ಹೆಂಗಸರು ಪ್ರತಿ ಸಲವೂ ಒಂದು ಕ್ಷಣ ನಿಲ್ಲಿಸಿ, ಯಾರದಪ್ಪ ಎಂದು ಸುತ್ತ ನೋಡಿ, ಮತ್ತೆ ಅಳುತ್ತಿದ್ದರು. ನಾನು ಎದ್ದು ಹೋಗಿ ನೋಡಿದೆ. ಇವತ್ತಿನ ಹದಿನಾಲ್ಕು ಕೆಲಸಗಳಲ್ಲಿ ಒಂದೂ ಮುಗಿದಿಲ್ಲ, ಈಗಲಾದರೂ ಶುರು ಮಾಡೋಣವೇ ಎಂದು ಪರದೆಯ ಮೇಲೆ ಬರೆದಿತ್ತು. ಪಕ್ಕದಲ್ಲಿ ಒಂದು ಹಳದಿ ಮುಖ ಹಲ್ಲು ಕಿರಿಯುತ್ತಿತ್ತು. ಬೇಕಾದಷ್ಟು ಅವಿವೇಕಿಗಳನ್ನು ಕಂಡಿದ್ದೇನೆ. ಸಾವಿನ ಮನೆಯೊಳಗೇ ಇದ್ದುಕೊಂಡು ಸತ್ತವನನ್ನು ಸೋಮಾರಿ ಎನ್ನುವುದನ್ನು ಅದೇ ಮೊದಲು ಕಂಡದ್ದು. ಗುಂಡಿ ಒತ್ತಿ ಹಿಡಿದು ಅದನ್ನು ಆರಿಸಿದೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ರವೀಂದ್ರನ ಬಗ್ಗೆ ಹೇಳಲು ಒಳ್ಳೆಯದು ಬೇಕಾದಷ್ಟಿದೆ. ಆದರೆ ಕೊನೆಯ ಮೂರು ವರ್ಷ ಅವನಿಗೆ ಹಿಡಿದಿದ್ದ ಹುಚ್ಚನ್ನು ಬಿಟ್ಟು ಬರೆದರೆ ಅದು ಇನ್ಯಾರದೋ ಕಥೆಯಾಗುತ್ತದೆ.

ಅವನ ಕೆಲಸ ಹಸುಗಳಿಗೆ ಇಂಜೆಕ್ಷನ್ ಕೊಡುವುದು. ನಮ್ಮ ಕಡೆ ಹಾಗೆಂದರೆ ಸಾಕು, ಬೆದೆಗೆ ಬಂದ ಹಸುವಿಗೆ ಹೋರಿಯ ಬದಲು ಕೊಳವೆಯಲ್ಲಿ ವೀರ್ಯ ಕೊಟ್ಟು ಗಬ್ಬ ಕಟ್ಟಿಸುವುದು ಎಂದು ಎಲ್ಲರಿಗೂ ಗೊತ್ತು. ಬೈಕಿನ ಹಿಂದೆ ವೀರ್ಯದ ಕಡ್ಡಿಗಳಿದ್ದ, ಹೊಗೆಯಾಡುವ ತಣ್ಣನೆಯ ಕ್ಯಾನು ಕಟ್ಟಿಕೊಂಡು ಹನ್ನೊಂದು ಹಳ್ಳಿ ಸುತ್ತುತ್ತಿದ್ದ. ಡಾಕ್ಟರಲ್ಲ, ಆದರೆ ಎಲ್ಲರೂ ಡಾಕ್ಟ್ರೇ ಎನ್ನುತ್ತಿದ್ದರು.

ಈ ಕೆಲಸದಲ್ಲಿ ಹೊತ್ತು ಎಂಬುದೇ ಎಲ್ಲ. ಹಸು ಬೆದೆಯಲ್ಲಿರುವುದು, ನಮ್ಮವರ ಬಾಯಲ್ಲಿ ‘ಈಟಿಗೆ’ ಬಂದಿರುವುದು, ಒಂದು ದಿನದಷ್ಟು. ಬೆಳಿಗ್ಗೆ ಕಂಡರೆ ಸಂಜೆ ಕೊಡಬೇಕು, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ. ತಪ್ಪಿದರೆ ಇಪ್ಪತ್ತೊಂದು ದಿನ ಕಾಯಬೇಕು. ಇಪ್ಪತ್ತು ವರ್ಷ ರವೀಂದ್ರ ಇದನ್ನೆಲ್ಲ ಒಂದು ಚೂರು ಕಾಗದವೂ ಇಲ್ಲದೆ ನಡೆಸಿದ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಬೈಕು ನಿಲ್ಲಿಸಿದರೆ, ಹಾಲು ಹಾಕಲು ಬಂದವರು ಹೇಳುತ್ತಿದ್ದರು. ಅವನು ಸುಮ್ಮನೆ ಕೇಳಿಸಿಕೊಂಡು ಹೋಗುತ್ತಿರಲಿಲ್ಲ. ನೀವು ಕಂಡದ್ದು ಸಗಣಿ ಬಾಚುವ ಮುಂಚೆಯೋ ಆಮೇಲೋ, ನಿನ್ನೆ ಮೇವು ತಿಂದಿತ್ತೋ, ಲೋಳೆ ತೆಳ್ಳಗಿತ್ತೋ ದಾರದಂತೆ ಜೋತುಬಿದ್ದಿತ್ತೋ ಎಂದು ಪೊಲೀಸರ ಹಾಗೆ ಕೇಳುತ್ತಿದ್ದ. ಜನ ಬೈದುಕೊಳ್ಳುತ್ತಲೇ ಹೇಳುತ್ತಿದ್ದರು. ಅಷ್ಟು ಕೇಳಿದವನಿಗೆ ಬರೆದುಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಬೆಳಗೊಳದ ಹತ್ತಿರ ಯಾವುದೋ ರೆಸಾರ್ಟಿನಲ್ಲಿ ಎರಡು ದಿನದ ತರಬೇತಿಗೆ ಅವನನ್ನು ಕರೆದರು. ಹಸುವಿನ ಬಗ್ಗೆ ಅಲ್ಲ, ಸಮಯ ನಿರ್ವಹಣೆಯ ಬಗ್ಗೆ. ಕೆನ್ನೆಗೆ ಮೈಕು ಅಂಟಿಸಿಕೊಂಡ ಒಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ನಿಮ್ಮ ದಿನವನ್ನು ನೀವು ಆಳಿ, ದಿನ ನಿಮ್ಮನ್ನು ಆಳಬಾರದು ಎಂದು ಕೂಗಿದನಂತೆ. ಆಮೇಲೆ ಒಂದು ಚೌಕ ಬರೆದು ಅದರಲ್ಲಿ ನಾಲ್ಕು ಮನೆ ಮಾಡಿದ. ತುರ್ತಿನದು, ಮುಖ್ಯವಾದದ್ದು, ಎರಡೂ ಆದದ್ದು, ಎರಡೂ ಅಲ್ಲದ್ದು. ರವೀಂದ್ರ ಎದ್ದು ನಿಂತು ಕೇಳಿದ: "ಸಾ, ಈಟಿಗೆ ಬಂದಿರೋ ಹಸೀನ ಯಾವ ಮನೇಲಿ ಬರ್ಕಬೇಕು?"

ಆ ಮನುಷ್ಯ ಒಂದು ಗಳಿಗೆ ಯೋಚಿಸಿ ಹೇಳಿದನಂತೆ: "ಆ ಕೆಲಸವನ್ನು ಬೇರೆ ಯಾರಿಗಾದರೂ ವಹಿಸಬಹುದಾ ಅಂತ ಮೊದಲು ಯೋಚನೆ ಮಾಡಿ."

ಸಭೆಯಲ್ಲಿದ್ದವರೆಲ್ಲ ನಕ್ಕರು. ಇದನ್ನು ಕೇಳಿ ನಾನೂ ನಕ್ಕೆ. ರವೀಂದ್ರ ಮಾತ್ರ ನಗಲಿಲ್ಲ. ಅಲ್ಲಿ ಬಿಟ್ಟಿಯಾಗಿ ಕೊಟ್ಟ ದಪ್ಪ ರಟ್ಟಿನ ಯೋಜನಾ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದ.

ಕೃಷ್ಣರಾಜಪೇಟೆಯ ಬಸ್ ನಿಲ್ದಾಣದ ಎದುರು ನನ್ನದು ಪುಸ್ತಕ, ಪೆನ್ನು, ನೋಟುಬುಕ್ಕಿನ ಅಂಗಡಿ. ಡೈರಿ ಮಾರುವವನಿಗೆ ಡೈರಿ ಕೊಳ್ಳುವವರ ಬಗ್ಗೆ ಭ್ರಮೆ ಇರುವುದಿಲ್ಲ. ಜನವರಿಯಲ್ಲಿ ಕೊಂಡವರಲ್ಲಿ ಹೆಚ್ಚಿನವರು ಶಿವರಾತ್ರಿಯ ಹೊತ್ತಿಗೆ ಬರೆಯುವುದನ್ನು ಬಿಟ್ಟಿರುತ್ತಾರೆ. ಉಳಿದ ಹಾಳೆಗಳಲ್ಲಿ ಮನೆಯವರು ದಿನಸಿ ಪಟ್ಟಿ ಬರೆದುಕೊಳ್ಳುತ್ತಾರೆ. ರವೀಂದ್ರ ಬಿಡುವ ಜಾತಿಯಲ್ಲ. ಅದಕ್ಕೇ ಅವನು ಕೆಟ್ಟ. ರೆಸಾರ್ಟಿನ ಪುಸ್ತಕದಲ್ಲಿ ಜಾಗ ಸಾಲದು ಎಂದು ದಿನಕ್ಕೊಂದು ಪುಟದ ಡೈರಿ ಒಯ್ದ. ಅದರಲ್ಲಿ ವಾರವೆಲ್ಲ ಒಟ್ಟಿಗೆ ಕಾಣುವುದಿಲ್ಲ ಎಂದು ವಾರಕ್ಕೆರಡು ಪುಟದ್ದು ತರಿಸಿಕೊಂಡ. ಒಂದು ದಿನ ಬಂದು ಎಲ್ಲ ಡೈರಿಗಳನ್ನೂ ಕೌಂಟರಿನ ಮೇಲೆ ಹರಡಿಕೊಂಡು, ಹೆಣ್ಣು ನೋಡಲು ಹೋದವರಂತೆ ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿದ.

"ಇದ್ರಲ್ಲಿ ಗಂಟೆ ಗೆರೆ ಇಲ್ವಲ್ಲಾ," ಅಂದ.

"ಗಂಟೆ ಗೆರೆ ಮಡಿಕ್ಕಂಡು ಏನ್ಲಾ ಮಾಡೀಯೆ? ಹಸ ಗಡಿಯಾರ ನೋಡ್ಕಂಡು ಈಟಿಗೆ ಬತ್ತದಾ?"

"ನಿಂಗೆ ಅರ್ಥ ಆಗಕಿಲ್ಲ ಬುಡು. ನಿಂಗೇನು, ಕುಂತ ಕಡೆ ಗಿರಾಕಿ ಬತ್ತವ್ರೆ."

ಆಮೇಲೆ ಫೋನಿಗೆ ಹೋದ. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಕೆಲಸದ ಪಟ್ಟಿ ಮಾಡುವ ಆ್ಯಪುಗಳು ಸಾವಿರಾರು ಇವೆಯಂತೆ. ಯಾವುದು ಒಳ್ಳೆಯದು ಎಂದು ಒಂದಕ್ಕೊಂದು ಹೋಲಿಸಿ ತೋರಿಸುವ ವಿಡಿಯೋಗಳು ಅದಕ್ಕಿಂತ ಹೆಚ್ಚು. ಮಾಡಲು ಒಂದೂ ಕೆಲಸವಿಲ್ಲದ ಹುಡುಗರು ಬಿಳಿ ಮೇಜಿನ ಮುಂದೆ ಕೂತು, ಕೆಲಸಗಳನ್ನು ಹೇಗೆ ಜೋಡಿಸಿಕೊಳ್ಳಬೇಕೆಂದು ಲೋಕಕ್ಕೆ ಕಲಿಸುತ್ತಾರೆ. ರವೀಂದ್ರ ಊಟದ ತಟ್ಟೆಯ ಪಕ್ಕ ಫೋನು ಒರಗಿಸಿಕೊಂಡು ಅವನ್ನು ನೋಡುತ್ತಿದ್ದ. ಎರಡೂವರೆ ವರ್ಷದಲ್ಲಿ ನಾಲ್ಕು ಆ್ಯಪು ಬದಲಾಯಿಸಿದ. ಒಂದೊಂದು ಸಲವೂ ಹಳೆಯದರಲ್ಲಿದ್ದ ಹಸು, ಊರು, ತಾರೀಖನ್ನೆಲ್ಲ ಹೊಸದಕ್ಕೆ ತುಂಬಲು ಎರಡು ಮೂರು ಭಾನುವಾರ ಬೇಕಾಗುತ್ತಿತ್ತು. ಸಿಂಧಘಟ್ಟ ಕೆಂಪು, ಪಕ್ಕದ ಊರು ಹಸಿರು, ಎರಡನೆಯ ಸಲ ಬೆದೆಗೆ ಬಂದದ್ದಕ್ಕೆ ಹಳದಿ. ಮುಗಿದ ಕೆಲಸದ ಮೇಲೆ ಬೆರಳು ಎಳೆದರೆ ಟಿಂಗ್ ಎನ್ನುತ್ತಿತ್ತು. ಆ ಟಿಂಗಿನ ರುಚಿ ಹತ್ತಿ, ಹಲ್ಲುಜ್ಜುವುದು, ಬೈಕು ಒರೆಸುವುದು ಎಂದೆಲ್ಲ ಬರೆದುಕೊಂಡು ಗೀಟು ಎಳೆಯತೊಡಗಿದ. ಐವತ್ತು ದಾಟಿದವನು ಹಲ್ಲುಜ್ಜಿದ್ದಕ್ಕೆ ಫೋನಿನಿಂದ ಶಭಾಷ್‌ಗಿರಿ ಪಡೆಯುತ್ತಿದ್ದ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಸಂಕೋಚವಿಲ್ಲ.

ತಿಥಿ ಮುಗಿದ ಮಾರನೆಯ ದಿನ ಅವನ ಹೆಂಡತಿ ಮಮತ ನನಗೊಂದು ಮಾತು ಹೇಳಿದಳು. ಅವನ ತಾಯಿ ಸಾಯುವ ಮುಂಚೆ ಎರಡು ವರ್ಷ ಮಗನನ್ನೇ ಗುರುತು ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೀನ್ಯಾರಪ್ಪ ಎನ್ನುತ್ತಿದ್ದರು. ಬೆಳಗೊಳಕ್ಕೆ ಹೋಗುವ ತಿಂಗಳ ಮುಂಚೆ ರವೀಂದ್ರ ಯಾರದೋ ಮನೆಗೆ ಹೋಗಬೇಕಾದದ್ದನ್ನು ಪೂರ್ತಿ ಮರೆತಿದ್ದ. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲವಂತೆ. ನಲವತ್ತು ವರ್ಷದ ಸ್ನೇಹದಲ್ಲಿ ಇದನ್ನು ಅವನು ನನಗೆ ಹೇಳಲಿಲ್ಲ. ಹೇಳುವಂತೆ ನಾನು ನಡೆದುಕೊಳ್ಳಲೂ ಇಲ್ಲ.

ಸಿಂಧಘಟ್ಟದ ಮುತ್ತಮ್ಮನವರಿಗೆ ಇರುವುದು ಒಂದೇ ಹಸು. ಕೆಂದಗಿರುವುದರಿಂದ ಕೆಂದಿ ಎಂದು ಕರೆಯುತ್ತಾರೆ. ಅರವತ್ತೈದರ ಹೆಂಗಸು, ಗಂಡನಿಲ್ಲ, ಮಗ ಲೋಕೇಶ್ ಕೃಷ್ಣರಾಜಪೇಟೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಬೆಳಿಗ್ಗೆ ಸಂಜೆ ಡೇರಿಗೆ ಹೋಗಿ ಹಾಲು ಹಾಕಿ, ನಾಲ್ಕು ಜನರೊಡನೆ ಮಾತಾಡಿ ಬರುವುದೇ ಮುತ್ತಮ್ಮನವರ ಬಾಳು. ಕೆಂದಿ ಕರು ಹಾಕಿ ವರ್ಷ ದಾಟಿತು, ಮತ್ತೆ ಗಬ್ಬ ಕಟ್ಟಲಿಲ್ಲ. ಹಾಲು ಇಳಿಯುತ್ತ ಬಂತು. ರವೀಂದ್ರ ಮೂರು ಸಲ ಬಂದು ಇಂಜೆಕ್ಷನ್ ಕೊಟ್ಟ, ಮೂರು ಸಲವೂ ನಿಲ್ಲಲಿಲ್ಲ. ಗೊಡ್ಡು ಬಿದ್ದ ಹಸುವಿಗೆ ಮೇವು ಹಾಕಿಕೊಂಡು ಕೂರಲಾಗದು, ಇನ್ನೊಂದು ಸಲ ನೋಡಿ ಮಾರಿಬಿಡುತ್ತೇನೆ ಎಂದ ಲೋಕೇಶ್. ಗೊಡ್ಡು ಹಸುವನ್ನು ಯಾರು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬುದು ಮುತ್ತಮ್ಮನವರಿಗೆ ಗೊತ್ತಿತ್ತು. ಆ ಮಾತು ಬಂದಂದಿನಿಂದ ಅವರು ಮಗನಿಗೆ ಊಟಕ್ಕೆ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ರವೀಂದ್ರ ತನ್ನ ಫೋನಿನಲ್ಲಿ ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದ. ಮೂರು ಸಲವೂ ಮುತ್ತಮ್ಮ ಮಂಗಳವಾರ ಬೆಳಿಗ್ಗೆ ಡೇರಿಯಲ್ಲಿ ಹೇಳಿದ್ದರು. ಅವನು ಅಲ್ಲೇ ನಿಂತು ಬೆರಳಾಡಿಸಿದ. ಫೋನು ಬೆಳಿಗ್ಗೆಯದು ಎಂದು ಹಾಕಿಕೊಂಡು ಸಂಜೆ ಆರಕ್ಕೆ ಎಚ್ಚರಿಸಿತು. ಆರಕ್ಕೆ ಸರಿಯಾಗಿ ಅವನು ಹಾಜರು. ಮೂರು ಸಲವೂ ಟಿಂಗ್. ಕೆಂದಿಯಲ್ಲೇ ಏನೋ ದೋಷವಿದೆ ಎಂದು ಹಳದಿಯನ್ನು ಕಂದು ಮಾಡಿದ. ಹಳೆಯ ಪ್ರಶ್ನೆಗಳನ್ನು ಕೇಳುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು. ಅವುಗಳ ಉತ್ತರ ತುಂಬಲು ಯಾವ ಆ್ಯಪಿನಲ್ಲೂ ಜಾಗವಿರಲಿಲ್ಲ.

ಒಂದು ದಿನ ಡೇರಿಯ ಮುಂದೆ, ಹಾಲಿನ ಕ್ಯಾನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಚಿಕ್ಕಬೋರಮ್ಮ ಅವನನ್ನು ಹಿಡಿದರು. ಮುತ್ತಮ್ಮನವರ ಪಕ್ಕದ ಮನೆಯವರು, ನಾಲಿಗೆ ಚುರುಕು.

"ಅಲ್ಲ ಕಣಪ್ಪ ಡಾಕ್ಟ್ರೇ, ಆ ಕೆಂದಿ ಸೋಮಾರ ಪೂರಾ ಬಡ್ಕತದೆ, ನಮ್ಮನೇಲಿ ಉಣ್ಣಕಾಗಕಿಲ್ಲ. ನೀನು ಮಂಗ್ಳಾರ ಸಂಜೆ ಮದ್ವೆ ಮುಗಿದ್ಮೇಲೆ ವಾಲ್ಗದೋನು ಬಂದಂಗೆ ಬತ್ತೀಯಲ್ಲ. ಫೋನ್ನಾಗೆ ಅದು ಕಾಣಕಿಲ್ವಾ?"

ಸುತ್ತ ನಿಂತವರು ನಕ್ಕರು. ರವೀಂದ್ರ ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿ ಬೆರಳಿಟ್ಟು ಎಣಿಸಿದ. ಇಪ್ಪತ್ತೊಂದು ದಿನ ಎಂದರೆ ಮೂರು ವಾರ. ಒಂದು ಸಲ ಸೋಮವಾರ ಬೆದೆಗೆ ಬಂದ ಹಸು, ಗಬ್ಬ ನಿಲ್ಲದಿದ್ದರೆ, ಮುಂದಿನ ಸಲವೂ ಸೋಮವಾರವೇ ಬರುತ್ತದೆ, ಅದರ ಮುಂದಿನ ಸಲವೂ. ಅವನು ಹೋದಾಗಲೆಲ್ಲ ಒಂದೂವರೆ ದಿನ ಕಳೆದಿತ್ತು. ಇದನ್ನು ತಿಳಿಯಲು ಮೊಳೆಗೆ ನೇತುಹಾಕಿದ ಒಂದು ಕ್ಯಾಲೆಂಡರು ಸಾಕಾಗಿತ್ತು. ಅದನ್ನು ನಾನು ಗಿರಾಕಿಗಳಿಗೆ ಸುಮ್ಮನೆ ಕೊಡುತ್ತೇನೆ. ಅವನ ನಾಲ್ಕು ಆ್ಯಪು ಸೇರಿ ಆರು ವಾರದಲ್ಲಿ ಇಷ್ಟನ್ನು ಹೇಳಿರಲಿಲ್ಲ.

ಆ ಸಂಜೆಯೇ ಮುತ್ತಮ್ಮನವರ ಮನೆಗೆ ಹೋಗಿ, ಸೋಮವಾರವೇ ಏಕೆ ಹೇಳಲಿಲ್ಲ ಎಂದು ಕೇಳಿದನಂತೆ. ಇದು ಕೇಳಬೇಕಾದ ಮಾತೇ ಎಂಬಂತೆ ನೋಡಿದರು ಅವರು. ಸೋಮವಾರ ಬಸವನ ದಿನ. ನಮ್ಮ ಕಡೆ ಅವತ್ತು ಎತ್ತನ್ನು ನೊಗಕ್ಕೆ ಹೂಡುವುದಿಲ್ಲ. ಮುತ್ತಮ್ಮನವರ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಅವತ್ತು ಹಸುವಿಗೂ ಸೂಜಿ, ಕೊಳವೆ ಏನನ್ನೂ ತಾಕಿಸುವುದಿಲ್ಲ. ಅದಕ್ಕೇ ಸೋಮವಾರ ಬಾಯಿ ಮುಚ್ಚಿಕೊಂಡಿದ್ದು ಮಂಗಳವಾರ ಹೇಳುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಯಾವಾಗ ಕಂಡಿರಿ ಎಂದು ಯಾರೂ ಕೇಳಿರಲಿಲ್ಲ.

ಬೆಳಗೊಳದ ಆ ಮೈಕಿನವನಾಗಿದ್ದರೆ ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದ. ರವೀಂದ್ರ ಕೇಳಿದ್ದು ಒಂದೇ ಮಾತು:

"ನಿಮ್ ಸೋಮಾರ ಯಾವಾಗ ಮುಗೀತದೆ ಅವ್ವ?"

"ಕೋಳಿ ಕೂಗ್ದಾಗ."

"ಸರಿ. ಕೋಳಿ ಕೂಗ್ದಾಗ ನಾನು ಇಲ್ಲಿರ್ತೀನಿ."

ಇಷ್ಟಕ್ಕೇ ನಿಲ್ಲಿಸಿ ಅವನನ್ನು ದೊಡ್ಡವನನ್ನಾಗಿ ಮಾಡಬಹುದಿತ್ತು. ಆದರೆ ಮಾರನೆಯ ದಿನ ಅವನು ನನ್ನ ಅಂಗಡಿಗೆ ಬಂದದ್ದು ಐದನೆಯ ಆ್ಯಪು ತೋರಿಸಲು. ಇಪ್ಪತ್ತೊಂದು ದಿನಕ್ಕೊಮ್ಮೆ ತಾನಾಗಿಯೇ ನೆನಪಿಸುತ್ತದಂತೆ, ವಾರದ ಹೆಸರನ್ನೂ ಹೇಳುತ್ತದಂತೆ. ಅದರಲ್ಲಿ ಎರಡು ಬಗೆ, ಯಾವುದನ್ನು ಹಾಕಿಕೊಳ್ಳಲಿ ಎಂದು ಕೇಳಿದ. ಅವನ ಕಣ್ಣುಗಳಲ್ಲಿ ಮತ್ತೆ ಅದೇ ಹೊಳಪು.

ನನಗೆ ತಡೆಯಲಾಗಲಿಲ್ಲ. "ಲೇ, ಒಂದು ಮುದುಕಿ ಹಸೀನ ಕೊಲ್ಲಕೆ ಕಳಸ್ತಿದ್ದೆ ಕಣ್ಲಾ ನೀನು, ಇದ್ನ ನಂಬ್ಕಂಡು. ಇನ್ನೂ ಬುದ್ಧಿ ಬರ್ನಿಲ್ವಾ? ನಿಂಗೆ ತಲೆ ಅನ್ನೋದು ಎಲ್ಮೆಟ್ ಆಕ್ಕಳಕ್ಕೆ ಮಾತ್ರವಾ?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು, ಗಿರಾಕಿಗಳ ನಡುವೆ ಜಾಗ ಮಾಡಿಕೊಂಡು ಹೊರಗೆ ಹೋದ. ಆಮೇಲೆ ಹದಿನೇಳು ದಿನ ಬರಲಿಲ್ಲ. ನಾನೂ ಹೋಗಲಿಲ್ಲ. ತಾನಾಗಿಯೇ ಬರುತ್ತಾನೆ ಬಿಡು ಎಂದುಕೊಂಡಿದ್ದೆ. ನಾನು ಅವನಿಗೆ ಹೇಳಿದ ಕೊನೆಯ ಮಾತು ಅದೇ ಎಲ್ಮೆಟ್ಟಿನ ಮಾತು.

ಇನ್ನು ಮುಂದಿನದನ್ನು ನಾನು ಮುತ್ತಮ್ಮ ಮತ್ತು ಲೋಕೇಶ್ ಹೇಳಿದಂತೆ ಬರೆಯುತ್ತಿದ್ದೇನೆ. ಅವನು ಎಣಿಸಿಟ್ಟಿದ್ದ ಆ ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೆಂದಿ ಕೂಗತೊಡಗಿತು. ಅಂದು ಸಂಜೆ ರವೀಂದ್ರ ಡೇರಿಗೆ ಬಂದು ಕೇಳಿದ. ಸಗಣಿ ಬಾಚಿದ್ದು, ಮೇವು, ಲೋಳೆ, ಎಲ್ಲವನ್ನೂ. ಮುತ್ತಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಅವನು ಏನನ್ನೂ ಬರೆದುಕೊಳ್ಳಲಿಲ್ಲವಂತೆ. ಬೆವರುತ್ತಿದ್ದ, ಏನಪ್ಪ ಎಂದರೆ, ಮಧ್ಯಾಹ್ನದ ಊಟ ಯಾಕೋ ಸರಿಹೋಗಲಿಲ್ಲ ಎಂದ.

ಮಂಗಳವಾರ ಬೆಳಿಗ್ಗೆ ಮುತ್ತಮ್ಮ ಬಾಗಿಲು ತೆಗೆದಾಗ ಅವನು ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದ, ಕ್ಯಾನು ಪಕ್ಕದಲ್ಲಿತ್ತು. ಎಡತೋಳನ್ನು ನೀವಿಕೊಳ್ಳುತ್ತಿದ್ದ. ಮೂಡಲು ಇನ್ನೂ ಬೆಳ್ಳಗಾಗಿರಲಿಲ್ಲ. ಲೋಕೇಶನೂ ಎದ್ದು ಬಂದ. ಬಂದದ್ದಂತೂ ಬಂದಿದ್ದೀಯ, ಮಾಡಿ ಮುಗಿಸಿ ಹೋಗಿ ಮಲಗಣ್ಣ, ಕೋಳಿಗೆ ಏನು ಗೊತ್ತು ಎಂದ. ರವೀಂದ್ರ ತಲೆಯಾಡಿಸಿದ.

"ಅವ್ವನ ಮಾತದೆ, ಇರ್ಲಿ ಕಣ್ಲಾ," ಅಂದ.

ಮೂವರೂ ಕಾದರು. ಮುತ್ತಮ್ಮ ಕಾಫಿ ಕಾಯಿಸಿ ತಂದರೆ ರವೀಂದ್ರ ಲೋಟವನ್ನು ಕೈಯಲ್ಲಿ ಹಿಡಿದುಕೊಂಡ, ಕುಡಿಯಲಿಲ್ಲ. ಹಸು ಇನ್ನೂ ಬೆದೆಯಲ್ಲಿದೆಯೋ ಇಲ್ಲವೋ ಎಂದು ಮುತ್ತಮ್ಮನವರಿಗೆ ಭಯ. ಎರಡು ಸಲ ಎದ್ದು ಹೋಗಿ ನೋಡಿದರು. ಅದು ನಿಂತೇ ಇತ್ತು, ಬಾಲ ಓರೆ ಮಾಡಿಕೊಂಡು. ಚಿಕ್ಕಬೋರಮ್ಮನವರ ಹುಂಜ ಕೂಗಿದಾಗ ಐದು ಗಂಟೆಯ ಆಸುಪಾಸು.

ಅವನು ಎದ್ದ. ಕ್ಯಾನಿನಿಂದ ಕಡ್ಡಿ ತೆಗೆದು ಬಿಸಿನೀರಿನಲ್ಲಿ ಅದ್ದಿದ, ಗವಸು ಹಾಕಿಕೊಂಡ. ಅರೆ ಕತ್ತಲಲ್ಲಿ ಲೋಕೇಶ್ ಟಾರ್ಚು ಹಿಡಿದ. ಅಲ್ಲಾಡದ ಹಾಗೆ ಹಿಡಿ ಎಂದು ಒಂದು ಸಲ ಬೈದನಂತೆ. ಯಾವಾಗಲೂ ಎರಡು ನಿಮಿಷದ ಕೆಲಸ, ಅವತ್ತು ಐದು ನಿಮಿಷ ಹಿಡಿಯಿತು. ಸರಿಯಾದ ಹೊತ್ತಿಗೇ ಬಿತ್ತು ಕಣವ್ವ ಎಂದ. ಗಬ್ಬ ನಿಂತಿತೋ ಇಲ್ಲವೋ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಬರುವ ಸೋಮವಾರಕ್ಕೆ ಇಪ್ಪತ್ತೊಂದು ದಿನ. ಅವತ್ತು ಕೆಂದಿ ಕೂಗದಿದ್ದರೆ ನಿಂತ ಹಾಗೆ. ಅಲ್ಲಿಯವರೆಗೆ ಮಾರುವ ಮಾತಿಲ್ಲ ಎಂದು ಲೋಕೇಶ್ ತಾಯಿಗೆ ಹೇಳಿದ್ದಾನೆ.

ಇಂಜೆಕ್ಷನ್ ಆದ ಮೇಲೆ ಕೆಲವು ಹಸುಗಳು ಬೆನ್ನು ಗೂನು ಮಾಡಿ ತಿಣುಕಿ ಮುಕ್ಕಿ, ಒಳಗೆ ಹೋದದ್ದನ್ನು ಹೊರಗೆ ತಳ್ಳುತ್ತವೆ. ಬೆನ್ನಿನ ನಡುವೆ ಅದುಮಿ ಹಿಡಿದರೆ ಮುಕ್ಕುವುದನ್ನು ಬಿಡುತ್ತವೆ. ಕೆಂದಿ ಬೆನ್ನು ಎತ್ತಿತು. ರವೀಂದ್ರ ಗವಸು ಕಳಚಿ ಎಸೆದು, ಒಂದು ಕೈಯಲ್ಲಿ ಕೊಟ್ಟಿಗೆಯ ಕಂಬ ಹಿಡಿದುಕೊಂಡು, ಇನ್ನೊಂದು ಅಂಗೈಯನ್ನು ಅದರ ಬೆನ್ನಿನ ಮೇಲೆ ಇಟ್ಟು ಮೈಯ ಭಾರವನ್ನೆಲ್ಲ ಬಿಟ್ಟ. ನಾನು ಹಿಡಿಯುತ್ತೇನೆ ಬಿಡಣ್ಣ ಎಂದು ಲೋಕೇಶ್ ಹತ್ತಿರ ಬಂದರೆ ಬೇಡವೆಂದು ತಲೆಯಾಡಿಸಿದ. ಹಸು ಮುಕ್ಕುವುದನ್ನು ನಿಲ್ಲಿಸಿ ಬೆನ್ನು ಇಳಿಸುವವರೆಗೂ ಹಾಗೇ ಅದುಮಿ ಹಿಡಿದುಕೊಂಡು ನಿಂತಿದ್ದ.